ಕಾರ್ಡಿಗನ್ ಮನೆತನದ ಬೆನ್ನು ಹತ್ತಿ

ಕಾರ್ಡಿಗನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮುಂದೆ ಗುಂಡಿ ಇರುವ ಉಣ್ಣೆ ಸ್ವೆಟರ್. ಆ ಹೆಸರಿನ ಹಿಂದೆ ಒಬ್ಬ ಕುದುರೆ ಪಡೆಯ ಅಧಿಕಾರಿ ಇದ್ದಾನೆ. ಜೇಮ್ಸ್ ಥಾಮಸ್ ಬ್ರೂಡನೆಲ್, ಕಾರ್ಡಿಗನ್‌ನ ಏಳನೇ ಅರ್ಲ್ (ಅರ್ಲ್ ಅಂದರೆ ಮನೆತನದಲ್ಲಿ ತಲೆಯಿಂದ ತಲೆಗೆ ಬರುವ ಒಂದು ದೊಡ್ಡ ಬಿರುದು). 1797ರಲ್ಲಿ ಹುಟ್ಟಿದ, 1868ರಲ್ಲಿ ತೀರಿಕೊಂಡ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವದಲ್ಲಿ ಸುಮಾರು 670 ಸವಾರರನ್ನು ಕಟ್ಟಿಕೊಂಡು ರಷ್ಯನ್ನರ ಫಿರಂಗಿಗಳ ಮೇಲೆ ನೇರವಾಗಿ ನುಗ್ಗಿದವನು ಇವನೇ. ಆ ದಿನದ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ನನಗೆ ಬೇಕಾಗಿದ್ದು ಅದಲ್ಲ. ಈ ಮನುಷ್ಯ ಯಾರ ಮಗ, ಯಾರ ಅಳಿಯ, ಯಾರ ದಾಯಾದಿ, ಯಾರ ದುಡ್ಡಿನಿಂದ ಆ ಕುದುರೆಯ ಮೇಲೆ ಬಂದು ಕೂತ ಅನ್ನುವುದು.

ಇವನ ಹತ್ತಿರ ನಾನು ಬಂದದ್ದು ಬೆಂಗಳೂರಿನ ಕಡೆಯಿಂದ. ನಮ್ಮ ದಂಡು ಪ್ರದೇಶದಲ್ಲಿದ್ದ ಬ್ರಿಟಿಷ್ ಕುದುರೆ ರೆಜಿಮೆಂಟುಗಳ ಬಗ್ಗೆ ಮೊದಲಿನಿಂದಲೂ ಕುತೂಹಲ. ಈಗಿನ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರೋಡ್ ಅಂತಲೇ ಹೆಸರಿತ್ತಲ್ಲ. 1840ರ ದಶಕದಲ್ಲಿ ಬೆಂಗಳೂರಿನಲ್ಲಿದ್ದ ರೆಜಿಮೆಂಟುಗಳಲ್ಲಿ 15ನೇ ಹುಸಾರ್ಸ್ ಒಂದು. ಹುಸಾರ್ಸ್ ಅಂದರೆ ಹಗುರ ಕುದುರೆ ಸವಾರರ ಪಡೆ. ಅದರಲ್ಲಿ ಲೂಯಿ ನೋಲನ್ ಎಂಬ ಅಧಿಕಾರಿ ಇದ್ದ. ಕುದುರೆ ಪಳಗಿಸುವುದರಲ್ಲಿ ಎತ್ತಿದ ಕೈ. ಬಾಲಕ್ಲಾವದಲ್ಲಿ ಆದೇಶದ ಚೀಟಿ ಹಿಡಿದು ಗುಡ್ಡ ಇಳಿದು ಬಂದವನೂ ಅವನೇ, ದಾಳಿಯಲ್ಲಿ ಮೊದಮೊದಲು ಸತ್ತವರಲ್ಲಿ ಒಬ್ಬನೂ ಅವನೇ. ನೋಲನ್‌ನನ್ನು ಹುಡುಕುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನೋಲನ್ ಸೇರುವ ಕೆಲವು ವರ್ಷ ಮುಂಚೆ ಇದೇ 15ನೇ ಹುಸಾರ್ಸನ್ನು ನಡೆಸುತ್ತಿದ್ದವನು ಕಾರ್ಡಿಗನ್. ಅಲ್ಲಿಂದ ಅವನನ್ನು ತೆಗೆದು ಹಾಕಿದ್ದರು. ಯಾಕೆ? ತೆಗೆದು ಹಾಕಿದವನು ಮತ್ತೆ ಜನರಲ್ ಆಗಿದ್ದು ಹೇಗೆ? ನಾನಾಗ ಕೆಲಸದ ಮೇಲೆ ಇಂಗ್ಲೆಂಡಿನ ಕೆಟರಿಂಗ್‌ನಲ್ಲಿದ್ದೆ. ಅವನ ಮನೆ ಡೀನ್ ಪಾರ್ಕ್ ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಇನ್ನೇನು ಬೇಕು?

ಶುರು ಮಾಡಿದ್ದು ಲಂಡನ್ ಗೆಜೆಟ್‌ನಿಂದ. ಸರ್ಕಾರದ ಈ ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಈಗ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸೇನೆಯಲ್ಲಿ ಯಾರಿಗೆ ಯಾವ ಹುದ್ದೆ, ಯಾರ ಜಾಗಕ್ಕೆ, ಯಾವ ದಿನದಿಂದ ಅನ್ನುವುದು ಅದರಲ್ಲಿ ಒಂದೊಂದು ಸಾಲಿನಲ್ಲಿ ಬರುತ್ತಿತ್ತು. ಹುದ್ದೆಯನ್ನು ದುಡ್ಡು ಕೊಟ್ಟು ಕೊಂಡಿದ್ದರೆ ಅದನ್ನೂ ಮುಚ್ಚುಮರೆ ಇಲ್ಲದೆ ಅಚ್ಚು ಹಾಕುತ್ತಿದ್ದರು.

ಹುಡುಕುವವರಿಗೆ ಒಂದು ಕಿವಿಮಾತು. ಇಂಥ ಮನೆತನದ ಮನುಷ್ಯ ಒಂದೇ ಹೆಸರಿನಲ್ಲಿ ಕೂತಿರುವುದಿಲ್ಲ. ಅಪ್ಪ ಅರ್ಲ್ ಆಗುವ ತನಕ ಇವನು ಬರೀ ಜೇಮ್ಸ್ ಬ್ರೂಡನೆಲ್. 1811ರಲ್ಲಿ ಅಪ್ಪನಿಗೆ ಬಿರುದು ಬಂದ ಮೇಲೆ ಲಾರ್ಡ್ ಬ್ರೂಡನೆಲ್. 1837ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾರ್ಡಿಗನ್. ಸೂಚಿಯಲ್ಲಿ ಮೂರು ಹೆಸರನ್ನೂ ನೋಡಬೇಕು. 1837ಕ್ಕಿಂತ ಹಿಂದಿನ ಕಾಗದಗಳಲ್ಲಿ ಕಾರ್ಡಿಗನ್ ಅಂತ ಕಂಡರೆ ಅದು ಅಪ್ಪ, ಇಲ್ಲವೇ ಅಪ್ಪನ ದೊಡ್ಡಪ್ಪ.

ಹೀಗೆ ಜೋಡಿಸಿದಾಗ ಸಿಕ್ಕಿದ ಪಟ್ಟಿ ನೋಡಿ. 1824ರಲ್ಲಿ 8ನೇ ಹುಸಾರ್ಸ್‌ನಲ್ಲಿ ಕಾರ್ನೆಟ್, ಅಂದರೆ ಕುದುರೆ ಪಡೆಯ ಅತಿ ಕಿರಿಯ ಅಧಿಕಾರಿ. ವಯಸ್ಸು ಆಗಲೇ 26. ಬೇರೆಯವರು 16-17ಕ್ಕೆ ಸೇರುವ ಹುದ್ದೆ ಅದು. 1825ರಲ್ಲಿ ಲೆಫ್ಟಿನೆಂಟ್. 1826ರಲ್ಲಿ ಕ್ಯಾಪ್ಟನ್. 1830ರಲ್ಲಿ ಮೇಜರ್, ಅದೇ ವರ್ಷದ ಕೊನೆಗೆ ಲೆಫ್ಟಿನೆಂಟ್ ಕರ್ನಲ್. ಏಳು ವರ್ಷ ತುಂಬುವುದರೊಳಗೆ ಕೆಳಗಿನ ಮೆಟ್ಟಿಲಿಂದ ರೆಜಿಮೆಂಟ್ ನಡೆಸುವ ದರ್ಜೆಗೆ. ಈ ನಡುವೆ ಒಂದೇ ಒಂದು ಯುದ್ಧವನ್ನೂ ಕಂಡಿರಲಿಲ್ಲ.

ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆ ರೆಜಿಮೆಂಟುಗಳಲ್ಲಿ ಹುದ್ದೆಗಳಿಗೆ ಸರ್ಕಾರವೇ ದರ ಗೊತ್ತು ಮಾಡಿತ್ತು. ಕಾರ್ನೆಟ್‌ಗೆ 840 ಪೌಂಡ್, ಲೆಫ್ಟಿನೆಂಟ್‌ಗೆ 1,190, ಕ್ಯಾಪ್ಟನ್‌ಗೆ 3,225, ಮೇಜರ್‌ಗೆ 4,575, ಲೆಫ್ಟಿನೆಂಟ್ ಕರ್ನಲ್‌ಗೆ 6,175. ಮೇಲಿನ ಹುದ್ದೆಗೆ ಹೋಗುವಾಗ ಕೆಳಗಿನದನ್ನು ಮಾರಿ, ವ್ಯತ್ಯಾಸದ ಹಣ ತುಂಬುತ್ತಿದ್ದರು. ನಿವೃತ್ತಿಯಾದಾಗ ಮಾರಿದ ದುಡ್ಡೇ ಪಿಂಚಣಿ. ಗೊತ್ತು ಮಾಡಿದ ದರಕ್ಕಿಂತ ಜಾಸ್ತಿ ಕೊಡುವುದು ಕಾನೂನಿಗೆ ವಿರುದ್ಧ. ಆದರೆ ಹೆಸರಾಂತ ರೆಜಿಮೆಂಟ್ ಆದರೆ ಕೆಳಗಿನಿಂದ ಎಷ್ಟೋ ಕೈ ಬದಲಾಗುತ್ತಿತ್ತು. 15ನೇ ಹುಸಾರ್ಸ್‌ಗೂ ಆಮೇಲೆ 11ನೇ ರೆಜಿಮೆಂಟ್‌ಗೂ ಕಾರ್ಡಿಗನ್ ಒಂದೊಂದಕ್ಕೆ 35,000-40,000 ಪೌಂಡ್ ಸುರಿದ ಅಂತ ಆಗಿನವರು ಮಾತಾಡಿಕೊಂಡಿದ್ದಾರೆ. ಅದೇ ಕಾಲಕ್ಕೆ ಸಾಮಾನ್ಯ ಸವಾರನಿಗೆ ದಿನಕ್ಕೆ ಒಂದು ಶಿಲಿಂಗು ಚಿಲ್ಲರೆ ಸಂಬಳ. ಈ ಮಾರಾಟ ನಿಂತಿದ್ದು 1871ರಲ್ಲಿ.

ಹಾಗಾದರೆ ಅಷ್ಟು ದುಡ್ಡು ಎಲ್ಲಿಂದ ಬಂತು? ಇಲ್ಲಿಂದ ನನ್ನ ಹುಡುಕಾಟ ಸೇನೆಯನ್ನು ಬಿಟ್ಟು ಮನೆತನದ ಕಡೆ ತಿರುಗಿತು. ನಿಜ ಹೇಳಬೇಕೆಂದರೆ ನನಗೆ ಮಜಾ ಬಂದದ್ದೂ ಅಲ್ಲೇ. ಖಾತೆ ಬದಲಾಯಿಸಲು ನಾಡಕಚೇರಿಗೆ ವಂಶವೃಕ್ಷ ಬರೆದು ಕೊಡುತ್ತೇವಲ್ಲ, ಹಾಗೆ ಒಂದು ದೊಡ್ಡ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಗೆರೆ ಎಳೆಯುತ್ತಾ ಹೋದೆ.

ಮೇಲ್ಗಡೆ ಇರುವವನು ಸರ್ ರಾಬರ್ಟ್ ಬ್ರೂಡನೆಲ್. ವಕೀಲ, ಆಮೇಲೆ ಮುಖ್ಯ ನ್ಯಾಯಾಧೀಶ. 1514ರಲ್ಲಿ ನಾರ್ಥಾಂಪ್ಟನ್‌ಶೈರ್‌ನ ಡೀನ್ ಎಂಬ ಊರನ್ನು ಕೊಂಡವನು ಅವನು. ಅಂದರೆ ಈ ಕತ್ತಿ ಮನೆತನದ ಬುಡದಲ್ಲಿ ಇರುವುದು ಕೋರ್ಟಿನ ಸಂಪಾದನೆ. ಅವನ ನಂತರದ ತಲೆಗಳಲ್ಲಿ ಥಾಮಸ್ ಎಂಬುವನು ಕ್ಯಾಥೊಲಿಕ್, ರಾಜನ ಪಕ್ಷ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಜೊತೆ ನಿಂತಿದ್ದಕ್ಕೆ ಕಷ್ಟಪಟ್ಟ. ರಾಜ ವಾಪಸು ಬಂದ ಮೇಲೆ 1661ರಲ್ಲಿ ಅರ್ಲ್ ಆಫ್ ಕಾರ್ಡಿಗನ್ ಆದ. ಬಿರುದಿನಲ್ಲಿರುವ ಕಾರ್ಡಿಗನ್ ಊರು ಇರುವುದು ವೇಲ್ಸ್‌ನಲ್ಲಿ. ಮನೆತನ ಬೇರು ಬಿಟ್ಟಿದ್ದು ಮಾತ್ರ ಡೀನ್‌ನಲ್ಲೇ.

ಎರಡನೇ ಅರ್ಲ್‌ನ ಮಗಳು ಆನಾ ಮರಿಯಾ. ಅವಳನ್ನು ಶ್ರೂಸ್‌ಬರಿಯ ಅರ್ಲ್‌ಗೆ ಕೊಟ್ಟಿದ್ದರು. ಅವಳಿಗೂ ಬಕಿಂಗ್‌ಹ್ಯಾಮ್ ಡ್ಯೂಕ್‌ಗೂ ಇದ್ದ ಸಂಬಂಧದಿಂದ 1668ರಲ್ಲಿ ಗಂಡ ಮತ್ತು ಡ್ಯೂಕ್ ಕತ್ತಿ ಹಿಡಿದು ಕಾದಾಡಿದರು. ಗಂಡ ಆ ಗಾಯದಿಂದಲೇ ಸತ್ತ. ನಮ್ಮ ಏಳನೇ ಅರ್ಲ್‌ನ ಜಗಳಗಂಟಿತನ ಓದುವಾಗ ಈ ಅಜ್ಜಿ ನೆನಪಾಗುತ್ತಿದ್ದಳು. ರಕ್ತದಲ್ಲೇ ಬಂದಿತ್ತು ಅಂತ ನಾನೇನೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಇಂಥ ಕತೆ ಕೇಳುತ್ತಾ ಬೆಳೆದ ಹುಡುಗನಿಗೆ ಮಾನಕ್ಕಾಗಿ ಪಿಸ್ತೂಲು ಎತ್ತುವುದು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ.

ಹಾಳೆಯಲ್ಲಿ ಗೆರೆಗಳು ಸಿಕ್ಕಾಗಿದ್ದು ಮೂರನೇ ಅರ್ಲ್‌ನ ನಾಲ್ಕು ಗಂಡು ಮಕ್ಕಳ ಹತ್ತಿರ. ಇದನ್ನು ಬಿಡಿಸಿಕೊಂಡರೆ ಮುಂದಿನದೆಲ್ಲ ಸಲೀಸು. ಹಿರಿಯವನು ಜಾರ್ಜ್, ನಾಲ್ಕನೇ ಅರ್ಲ್. ಮಾಂಟಗು ಮನೆತನದ ಮಗಳನ್ನು ಮದುವೆಯಾಗಿ, 1766ರಲ್ಲಿ ತಾನೇ ಮಾಂಟಗು ಡ್ಯೂಕ್ ಆದ. ಅವನ ಒಬ್ಬನೇ ಮಗ ಅಪ್ಪನಿಗಿಂತ ಮುಂಚೆ ತೀರಿಕೊಂಡ. ಹಾಗಾಗಿ ಕಾರ್ಡಿಗನ್ ಬಿರುದು ತಮ್ಮ ಜೇಮ್ಸ್‌ಗೆ ಹೋಯಿತು. ಅವನಿಗೆ ಮಕ್ಕಳಿಲ್ಲ. ಮೂರನೆಯವನು ರಾಬರ್ಟ್, ಸೇನೆಯಲ್ಲಿದ್ದ, ಅಷ್ಟು ಹೊತ್ತಿಗೆ ಅವನೂ ಇರಲಿಲ್ಲ. ಅವನ ಮಗ ಇನ್ನೊಬ್ಬ ರಾಬರ್ಟ್ 1811ರಲ್ಲಿ ಆರನೇ ಅರ್ಲ್ ಆದ. ಇವನೇ ನಮ್ಮ ಜೇಮ್ಸ್‌ನ ಅಪ್ಪ. ನಾಲ್ಕನೆಯವನು ಥಾಮಸ್. ಅವನಿಗೆ ಸೋದರಮಾವನ ಕಡೆಯಿಂದ ಬ್ರೂಸ್ ಮನೆತನದ ದೊಡ್ಡ ಆಸ್ತಿ ಬಂತು. ಹೆಸರಿನ ಮುಂದೆ ಬ್ರೂಸ್ ಸೇರಿಸಿಕೊಂಡು ಬ್ರೂಡನೆಲ್-ಬ್ರೂಸ್ ಆದ. ಅವನು ಏಲ್ಸ್‌ಬರಿಯ ಅರ್ಲ್ ಆದ, ಮುಂದೆ ಅವನ ಮಗ ಮಾರ್ಕ್ವಿಸ್ ಆದ, ಅದು ಅರ್ಲ್‌ಗಿಂತ ಮೇಲಿನ ಬಿರುದು.

ಅಂದರೆ ನೋಡಿ, ಈ ಹುಡುಗ ಹುಟ್ಟಿದಾಗ ಅವನಪ್ಪನ ಕೈಯಲ್ಲಿ ಬಿರುದೇ ಇರಲಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನ ಹ್ಯಾಂಬಲ್ಡನ್ ಎಂಬ ಹಳ್ಳಿಯ ಮನೆಯಲ್ಲಿ ಹುಟ್ಟಿದ. ದೊಡ್ಡಜ್ಜನಿಗೆ ಮಕ್ಕಳಿಲ್ಲದ ಕಾರಣಕ್ಕೆ ಹದಿಮೂರನೇ ವಯಸ್ಸಿಗೆ ಲಾರ್ಡ್ ಆಗಿ ಹೋದ. ಬೆಳೆದು ದೊಡ್ಡವನಾದ ಗಂಡು ಮಗ ಮನೆಯಲ್ಲಿ ಇವನೊಬ್ಬನೇ. ಜೊತೆಗೆ ಏಳು ಜನ ಅಕ್ಕತಂಗಿಯರು. ಎಲ್ಲರೂ ಇವನ ಸುತ್ತಲೇ. ಇಂಥ ಮನೆಗಳನ್ನು ನಾವೂ ಕಂಡಿದ್ದೇವೆ ಅಲ್ವಾ? ಹ್ಯಾರೊ ಶಾಲೆ, ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು. ಪದವಿ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

1818ರಲ್ಲಿ, 20 ವರ್ಷ ತುಂಬಿದ ಸ್ವಲ್ಪ ದಿನಕ್ಕೆ, ಸಂಸತ್ತಿನ ಸದಸ್ಯ. ಕ್ಷೇತ್ರ ಮಾರ್ಲ್‌ಬರೊ. ಅದು ಆ ನಾಲ್ಕನೆಯ ಅಜ್ಜನ ಮಗ, ಅಂದರೆ ವರಸೆಯಲ್ಲಿ ಚಿಕ್ಕಪ್ಪ, ಏಲ್ಸ್‌ಬರಿಯ ಕಿಸೆಯಲ್ಲಿದ್ದ ಕ್ಷೇತ್ರ. ಮತ ಹಾಕುವವರು ಬೆರಳೆಣಿಕೆಯಷ್ಟು. ಅವನು ಹೇಳಿದವನು ಗೆಲ್ಲುತ್ತಿದ್ದ. 1829ರಲ್ಲಿ ಕ್ಯಾಥೊಲಿಕರಿಗೆ ಹಕ್ಕು ಕೊಡುವ ಮಸೂದೆ ಬಂದಾಗ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು, ಸೀಟು ಹೋಯಿತು. ಬ್ರಿಟಿಷ್ ಸಂಸತ್ತಿನ ಇತಿಹಾಸ ಬರೆಯುವ ಸಂಸ್ಥೆಯೊಂದು ಆ ಕಾಲದ ಒಬ್ಬೊಬ್ಬ ಸದಸ್ಯನ ಬಗ್ಗೆಯೂ ಟಿಪ್ಪಣಿ ಬರೆದು ಇಂಟರ್ನೆಟ್‌ನಲ್ಲಿ ಹಾಕಿದೆ. ಮನೆತನ ಹುಡುಕುವವರಿಗೆ ಅದು ಚಿನ್ನದ ಗಣಿ. ಯಾರ ದುಡ್ಡು, ಯಾರ ಶಿಫಾರಸು, ಯಾರ ಸಿಟ್ಟು, ಎಲ್ಲ ಅಲ್ಲಿದೆ.

ಇಷ್ಟಾದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದೆ. ಗುರುತಿನ ಚೀಟಿ ಒಂದು, ವಿಳಾಸದ ದಾಖಲೆ ಒಂದು ತೋರಿಸಿದರೆ ಓದುಗರ ಕಾರ್ಡ್ ಕೊಡುತ್ತಾರೆ, ಖರ್ಚಿಲ್ಲ. ಬ್ಯಾಗು, ಕೋಟು, ಪೆನ್ನು ಎಲ್ಲ ಕೆಳಗೆ ಲಾಕರ್‌ನಲ್ಲಿ. ಒಳಗೆ ಪೆನ್ಸಿಲ್ ಮಾತ್ರ. ಹಾಳೆಗಳನ್ನು ಇಡಲು ಸ್ಪಂಜಿನ ದಿಂಬು, ಮಡಚಿಕೊಳ್ಳದ ಹಾಗೆ ಮೇಲೆ ಹಗ್ಗದಂಥ ಭಾರ. ಫೋನಿನಲ್ಲಿ ಫೋಟೊ ತೆಗೆಯಬಹುದು. ಅದೊಂದು ದೊಡ್ಡ ಉಪಕಾರ.

ಯುದ್ಧ ಕಚೇರಿಯ ಕಾಗದಗಳಿಗೆಲ್ಲ ಅಲ್ಲಿ ಡಬ್ಲ್ಯೂಓ ಎಂದು ಶುರುವಾಗುವ ಸಂಖ್ಯೆ. ಅಧಿಕಾರಿಗಳ ಮನೆ ಹಿನ್ನೆಲೆ ಬೇಕೆನ್ನುವವರು ನೋಡಬೇಕಾದದ್ದು ಡಬ್ಲ್ಯೂಓ 31. ಹುದ್ದೆಗೆ ಹಾಕಿದ ಅರ್ಜಿ, ದೊಡ್ಡವರ ಶಿಫಾರಸು ಪತ್ರ, ದುಡ್ಡು ಸಿದ್ಧವಿದೆ ಅನ್ನುವ ಮಾತು, ಇಂಥವನ್ನೆಲ್ಲ ಅದರಲ್ಲಿ ಕಟ್ಟು ಕಟ್ಟಿ ಇಟ್ಟಿದ್ದಾರೆ. ತೊಡಕೇನೆಂದರೆ ಕಟ್ಟುಗಳು ಹೆಸರಿನ ಪ್ರಕಾರ ಇಲ್ಲ, ದಿನಾಂಕದ ಪ್ರಕಾರ ಇವೆ. ಅದಕ್ಕೇ ಮೊದಲು ಗೆಜೆಟ್ ನೋಡಿ ದಿನಾಂಕ ಬರೆದುಕೊಂಡಿರಬೇಕು. ಸೇವಾ ವಿವರ ಡಬ್ಲ್ಯೂಓ 25ರಲ್ಲಿ. ಮದುವೆ, ಮಕ್ಕಳ ವಿವರವೂ ಕೆಲವದರಲ್ಲಿ ಇರುತ್ತದೆ. ಕ್ರಿಮಿಯಾ ಪದಕದ ಪಟ್ಟಿ ಡಬ್ಲ್ಯೂಓ 100ರಲ್ಲಿ. ಕೈಬರಹ ಶುರುವಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಬ್ರೂಡನೆಲ್ ಮನೆತನದ ಖಾಸಗಿ ಕಾಗದಗಳು ಮಾತ್ರ ಇಲ್ಲಿಲ್ಲ, ನಾರ್ಥಾಂಪ್ಟನ್‌ನಲ್ಲಿರುವ ಜಿಲ್ಲಾ ಪತ್ರಾಗಾರದಲ್ಲಿವೆ.

ಈಗ 15ನೇ ಹುಸಾರ್ಸ್ ವಿಷಯ. 1832ರಲ್ಲಿ ಕಾರ್ಡಿಗನ್ ಅದರ ನಾಯಕನಾದ. ಎರಡೇ ವರ್ಷದಲ್ಲಿ ಅಗಸ್ಟಸ್ ವಾಥನ್ ಎಂಬ ಕ್ಯಾಪ್ಟನ್ ಮೇಲೆ ಸೇನಾ ನ್ಯಾಯಾಲಯದಲ್ಲಿ ಕೇಸು ಹಾಕಿಸಿದ. ನ್ಯಾಯಾಲಯ ವಾಥನ್‌ನನ್ನು ಬಿಡುಗಡೆ ಮಾಡಿತು. ಕಾರ್ಡಿಗನ್ ನಡೆದುಕೊಂಡ ರೀತಿಯನ್ನೇ ಟೀಕಿಸಿತು. 1834ರಲ್ಲಿ ರೆಜಿಮೆಂಟ್‌ನಿಂದ ತೆಗೆದರು. ಬೇರೆ ಯಾರಿಗಾದರೂ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಇವನಿಗೆ 1836ರಲ್ಲಿ 11ನೇ ಲೈಟ್ ಡ್ರಾಗೂನ್ಸ್ ಎಂಬ ಇನ್ನೊಂದು ಕುದುರೆ ರೆಜಿಮೆಂಟ್ ಸಿಕ್ಕಿತು. ನಾನು ಆ ವಂಶವೃಕ್ಷದ ಹಾಳೆಗೆ ವಾಪಸು ಹೋದೆ. ಸಹೋದರಿ ಹ್ಯಾರಿಯೆಟ್‌ಳ ಗಂಡ ಅರ್ಲ್ ಹೌ. ಆಗಿನ ರಾಣಿ ಅಡಿಲೇಡ್‌ಳ ಅರಮನೆಯ ಲಾರ್ಡ್ ಚೇಂಬರ್ಲೇನ್, ಅಂದರೆ ಅವಳ ಮನೆವಾರ್ತೆಯ ದೊಡ್ಡ ಅಧಿಕಾರಿ. ಜೊತೆಗೆ ವಯಸ್ಸಾದ ಅಪ್ಪ ಇನ್ನೂ ಬದುಕಿದ್ದ ಅರ್ಲ್. ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಿ.

11ನೇ ರೆಜಿಮೆಂಟ್ ಆಗ ಇದ್ದದ್ದು ಕಾನ್ಪುರದಲ್ಲಿ. 1819ರಿಂದ ಇಂಡಿಯಾದಲ್ಲೇ ಇತ್ತು. ಭರತಪುರದ ಕೋಟೆ ಮುತ್ತಿಗೆಯಲ್ಲಿ ಕಾದಾಡಿತ್ತು. ಕಾರ್ಡಿಗನ್ 1837ರಲ್ಲಿ ಹಡಗು ಹತ್ತಿ ಬಂದ. ಕೆಲವೇ ವಾರ ರೆಜಿಮೆಂಟ್ ಜೊತೆ ಇದ್ದು ಹೊರಟ. ಹೇಗಿದ್ದರೂ ರೆಜಿಮೆಂಟ್ 1838ರಲ್ಲಿ ಇಂಗ್ಲೆಂಡಿಗೆ ವಾಪಸಾಗುವುದಿತ್ತು.

ಇಂಗ್ಲೆಂಡಿಗೆ ಹೋದ ಮೇಲೆ ಶುರುವಾಯಿತು ನೋಡಿ ಪಂಗಡ. ವರ್ಷಗಟ್ಟಲೆ ಇಲ್ಲಿನ ಬಿಸಿಲು, ಜ್ವರ, ಯುದ್ಧ ಎಲ್ಲ ಕಂಡು ಬಂದ ಅಧಿಕಾರಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವರನ್ನು 'ಇಂಡಿಯನ್' ಅಧಿಕಾರಿಗಳು ಅಂತ ಹೀಯಾಳಿಸುತ್ತಿದ್ದ. ಅವರು ಕೆಲಸ ಬಲ್ಲವರು, ಆದರೆ ಕೈಯಲ್ಲಿ ಕಾಸಿಲ್ಲ, ಮನೆತನ ಸಣ್ಣದು. ಕಾರ್ಡಿಗನ್‌ಗೆ ಬೇಕಾಗಿದ್ದು ತನ್ನ ಹಾಗೆ ದುಡ್ಡಿದ್ದ ಹುಡುಗರು. 1840ರಲ್ಲಿ ವಿಕ್ಟೋರಿಯಾಳನ್ನು ಮದುವೆಯಾಗಲು ಬಂದ ಆಲ್ಬರ್ಟ್ ರಾಜಕುಮಾರನಿಗೆ ಬೆಂಗಾವಲು ಕೊಟ್ಟದ್ದು ಈ ರೆಜಿಮೆಂಟ್. ಅದಕ್ಕೆ 11ನೇ ಹುಸಾರ್ಸ್, ಪ್ರಿನ್ಸ್ ಆಲ್ಬರ್ಟ್ಸ್ ಓನ್ ಅಂತ ಹೊಸ ಹೆಸರು ಬಂತು. ಕಡುಗೆಂಪು ಪ್ಯಾಂಟು, ಜರಿಯ ಜಾಕೆಟ್ಟು. ಸಮವಸ್ತ್ರಕ್ಕೆ ಕಾರ್ಡಿಗನ್ ತನ್ನ ಕೈಯಿಂದಲೇ ವರ್ಷಕ್ಕೆ 10,000 ಪೌಂಡ್ ಹಾಕುತ್ತಿದ್ದ ಅಂತ ಜನ ಹೇಳುತ್ತಿದ್ದರು.

ಅದೇ ವರ್ಷದ ಮೇನಲ್ಲಿ ಕ್ಯಾಂಟರ್ಬರಿಯ ಮೆಸ್‌ನಲ್ಲಿ ದೊಡ್ಡ ಊಟ. ಅತಿಥಿಯೊಬ್ಬರು ಮೊಸೆಲ್ ವೈನ್ ಕೇಳಿದರು. ಜಾನ್ ರೆನಾಲ್ಡ್ಸ್ ಎಂಬ ಕ್ಯಾಪ್ಟನ್ ತರಿಸಿದ. ಇವನೂ 'ಇಂಡಿಯನ್' ಗುಂಪಿನವನೇ. ಅದು ಬಂದಿದ್ದು ಕಪ್ಪು ಬಾಟಲಿಯಲ್ಲಿ, ಸುರಾಹಿಗೆ ಬಗ್ಗಿಸಿರಲಿಲ್ಲ. ಕಾರ್ಡಿಗನ್‌ಗೆ ಅದು ತಾನು ಮೆಸ್‌ನಲ್ಲಿ ನಿಷೇಧಿಸಿದ್ದ ಪೋರ್ಟರ್ ಬಿಯರ್ ಅನ್ನಿಸಿತು. ಆ ಒಂದು ಬಾಟಲಿಯಿಂದ ಜಗಳ ಬೆಳೆದು, ರೆನಾಲ್ಡ್ಸ್ ಬಂಧನವಾಗಿ, ಊರೆಲ್ಲ ಗೇಲಿ. ಜನ ನಾಟಕಶಾಲೆಯಲ್ಲಿ ಇವನನ್ನು ಕಂಡರೆ 'ಕಪ್ಪು ಬಾಟಲಿ' ಅಂತ ಕೂಗುತ್ತಿದ್ದರಂತೆ.

ಮುಂದೆ ಅದೇ ಗುಂಪಿನ ಮಾಜಿ ಅಧಿಕಾರಿ ಹಾರ್ವಿ ಟಕೆಟ್ ಪತ್ರಿಕೆಯಲ್ಲಿ ಇವನ ಮೇಲೆ ಬರೆದ. ಕಾರ್ಡಿಗನ್ ದ್ವಂದ್ವಕ್ಕೆ ಕರೆದ. 1840ರ ಸೆಪ್ಟೆಂಬರ್ 12ರಂದು ವಿಂಬಲ್ಡನ್ ಮೈದಾನದ ಗಾಳಿಗಿರಣಿಯ ಹತ್ತಿರ ಪಿಸ್ತೂಲು ಹಾರಿಸಿದರು. ಟಕೆಟ್‌ಗೆ ಗಾಯ. ಗಿರಣಿಯವನೇ ಪೊಲೀಸನೂ ಆಗಿದ್ದರಿಂದ ಅಲ್ಲೇ ಹಿಡಿದ. ಆ ಗಿರಣಿ ಈಗಲೂ ಇದೆ, ನೋಡಿ ಬಂದೆ, ಈಗ ಮ್ಯೂಸಿಯಂ ಮಾಡಿದ್ದಾರೆ.

ಲಾರ್ಡ್ ಆದವನನ್ನು ಮಾಮೂಲಿ ಕೋರ್ಟಿನಲ್ಲಿ ವಿಚಾರಿಸುವ ಹಾಗಿರಲಿಲ್ಲ. 1841ರ ಫೆಬ್ರವರಿಯಲ್ಲಿ ಲಾರ್ಡುಗಳ ಸಭೆಯೇ ಕೂತು ವಿಚಾರಣೆ ಮಾಡಿತು. ತಪ್ಪು ಸಾಬೀತಾದರೆ ಆಸ್ತಿ ಮುಟ್ಟುಗೋಲಾಗಬಹುದು ಅಂತ ಹೆದರಿ, ಎಲ್ಲವನ್ನೂ ಸೋದರಳಿಯನ ಹೆಸರಿಗೆ ಬರೆದಿಟ್ಟ ಅಂತ ಆಗ ಸುದ್ದಿ ಹಬ್ಬಿತ್ತು. ಆ ಸೋದರಳಿಯ ಹ್ಯಾರಿಯೆಟ್‌ಳ ಮಗ. ವಿಚಾರಣೆ ಒಂದೇ ದಿನಕ್ಕೆ ಮುಗಿಯಿತು. ಆರೋಪಪಟ್ಟಿಯಲ್ಲಿ ಗಾಯಗೊಂಡವನ ಹೆಸರು ಹಾರ್ವಿ ಗಾರ್ನೆಟ್ ಫಿಪ್ಸ್ ಟಕೆಟ್. ಸಾಕ್ಷಿಗೆ ಸಿಕ್ಕ ವಿಸಿಟಿಂಗ್ ಕಾರ್ಡಿನಲ್ಲಿ ಬರೀ ಹಾರ್ವಿ ಟಕೆಟ್. ಇಬ್ಬರೂ ಒಬ್ಬರೇ ಅಂತ ಸಾಬೀತಾಗಲಿಲ್ಲ ಅಂದರು! ಒಬ್ಬೊಬ್ಬ ಲಾರ್ಡೂ ಎದ್ದು ನಿಂತು, ನನ್ನ ಮಾನದ ಮೇಲಾಣೆ, ಅಪರಾಧಿಯಲ್ಲ ಅಂದ. ಕ್ಲೀವ್‌ಲ್ಯಾಂಡ್ ಡ್ಯೂಕ್ ಒಬ್ಬ ಮಾತ್ರ 'ಕಾನೂನಿನ ಪ್ರಕಾರ' ಅಂತ ಒಂದು ಮಾತು ಸೇರಿಸಿದ. ಈ ವಿಚಾರಣೆಯ ಪೂರ್ತಿ ವರದಿ ಅಚ್ಚಾಗಿದೆ. ಕೂತು ಓದಿದೆ. ಯಾವ ಪ್ರಹಸನಕ್ಕೂ ಕಡಿಮೆ ಇಲ್ಲ.

ಈ ನಡುವೆ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಯುದ್ಧದ ಮಾತು ಬಂದರೆ ಅವಳು ಹೂಂ ಹೂಂ ಅನ್ನುತ್ತಿದ್ದಳು. ಒಂದು ದಿನ ಕೇಳಿದಳು, "ಅದ್ಸರಿ ಕಣೋ, ಅವನ ಹೆಂಡ್ತಿ ಯಾರು? ಮಕ್ಕಳಿದ್ರಾ? ಆಸ್ತಿ ಯಾರಿಗೆ ಹೋಯ್ತು?" ಸರಿಯಾದ ಪ್ರಶ್ನೆ. ನಾನು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಹೆಂಡತಿ ಎಲಿಜಬೆತ್. ಮೊದಲು ಜಾನ್‌ಸ್ಟನ್ ಎಂಬ ಸೇನಾಧಿಕಾರಿಯ ಹೆಂಡತಿ. ತನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಅಂತ ಅವನು 1824ರಲ್ಲಿ ಕಾರ್ಡಿಗನ್ ಮೇಲೆ ಕೇಸು ಹಾಕಿ 1,000 ಪೌಂಡ್ ಪರಿಹಾರ ತೆಗೆದುಕೊಂಡ. ಅವಳಿಗೆ ವಿಚ್ಛೇದನ ಆದ ಮೇಲೆ 1826ರಲ್ಲಿ ಇವರ ಮದುವೆ. ಸಂಸಾರ ಸರಿಹೋಗಲಿಲ್ಲ, ಬೇರೆ ಬೇರೆಯಾದರು. ಮಕ್ಕಳಿಲ್ಲ. ಅವಳು 1858ರ ಜುಲೈನಲ್ಲಿ ತೀರಿಕೊಂಡಳು. ಅದೇ ಸೆಪ್ಟೆಂಬರ್‌ನಲ್ಲಿ ಜಿಬ್ರಾಲ್ಟರ್‌ನಲ್ಲಿ ಅಡಿಲೀನ್ ಡಿ ಹಾರ್ಸಿ ಜೊತೆ ಎರಡನೇ ಮದುವೆ. ಅಡಿಲೀನ್ ಮದುವೆಗೆ ಮುಂಚಿನಿಂದಲೂ ಅವನ ಜೊತೆ ಇದ್ದಳೆಂದು ವಿಕ್ಟೋರಿಯಾ ರಾಣಿ ಅವಳನ್ನು ಅರಮನೆಗೆ ಸೇರಿಸಲಿಲ್ಲ. ಅವಳಿಗೂ ಮಕ್ಕಳಾಗಲಿಲ್ಲ.

ಏಳು ಸಹೋದರಿಯರಲ್ಲಿ ಇನ್ನೊಬ್ಬಳ ಮದುವೆ ಬಾಲಕ್ಲಾವಕ್ಕೆ ನೇರ ಸಂಬಂಧಪಟ್ಟಿದ್ದು. 1809ರಲ್ಲಿ ಹುಟ್ಟಿದ ತಂಗಿ ಆನ್. 1829ರಲ್ಲಿ ಜಾರ್ಜ್ ಬಿಂಗ್‌ಹ್ಯಾಮ್‌ಗೆ ಕೊಟ್ಟರು. ಮುಂದೆ ಲೂಕನ್‌ನ ಮೂರನೇ ಅರ್ಲ್ ಆದವನು. ಐರ್ಲೆಂಡಿನ ಮೇಯೊದಲ್ಲಿ ದೊಡ್ಡ ಜಮೀನು. ಬರಗಾಲದಲ್ಲಿ ಒಕ್ಕಲುಗಳನ್ನು ಎಬ್ಬಿಸಿ ಕೆಟ್ಟ ಹೆಸರು ತೆಗೆದುಕೊಂಡ. ಇವನೂ ದುಡ್ಡು ಸುರಿದು 17ನೇ ಲ್ಯಾನ್ಸರ್ಸ್ ಕೊಂಡಿದ್ದ. ಆನ್‌ಳ ಜೊತೆ ಇವನ ಸಂಸಾರ ಮುರಿಯಿತು. ಅಣ್ಣನಿಗೂ ತಂಗಿ ಗಂಡನಿಗೂ ಮೊದಲೇ ಆಗುತ್ತಿರಲಿಲ್ಲ, ಆಮೇಲೆ ಮುಖ ಕೊಟ್ಟು ಮಾತಾಡುವುದೂ ಕಷ್ಟವಾಯಿತು.

1854ರಲ್ಲಿ ಕ್ರಿಮಿಯಾಗೆ ಸೇನೆ ಹೊರಟಾಗ ಇಡೀ ಕುದುರೆ ಪಡೆಯ ಮುಖ್ಯಸ್ಥ ಲೂಕನ್. ಅವನ ಕೈ ಕೆಳಗೆ ಲೈಟ್ ಬ್ರಿಗೇಡಿನ, ಅಂದರೆ ಹಗುರ ಕುದುರೆ ದಳದ, ಮುಖ್ಯಸ್ಥ ಕಾರ್ಡಿಗನ್. ಇವರಿಬ್ಬರನ್ನು ಒಂದೇ ಗಾಡಿಗೆ ಕಟ್ಟಿದವರ ಬುದ್ಧಿಗೆ ಏನು ಹೇಳಬೇಕೋ ಗೊತ್ತಿಲ್ಲ. ಕಾರ್ಡಿಗನ್ ಬಾಲಕ್ಲಾವ ಬಂದರಿನಲ್ಲಿ ತನ್ನ ಸ್ವಂತ ವಿಹಾರ ಹಡಗು 'ಡ್ರೈಯಡ್'ನಲ್ಲಿ ಮಲಗುತ್ತಿದ್ದ. ಅವನ ಸವಾರರು ಡೇರೆಗಳಲ್ಲಿ.

ಫಿರಂಗಿಗಳ ಕಡೆ ನುಗ್ಗಿ ಅನ್ನುವ ಆದೇಶ ಬಂದ ಗಳಿಗೆ ಹೀಗಿತ್ತು. ಗುಡ್ಡದ ಮೇಲಿದ್ದ ಬ್ರಿಟಿಷ್ ಸೇನಾಪತಿ ಲಾರ್ಡ್ ರ‍್ಯಾಗ್ಲನ್‌ಗೆ ಕಾಣುತ್ತಿದ್ದ ಫಿರಂಗಿಗಳು ಬೇರೆ, ಕಣಿವೆಯಲ್ಲಿದ್ದ ಲೂಕನ್‌ಗೆ ಕಾಣುತ್ತಿದ್ದವು ಬೇರೆ. ಚೀಟಿ ತಂದ ನೋಲನ್ ಕೈ ಬೀಸಿ ತೋರಿಸಿದ. ಲೂಕನ್ ಬಂದು ಆದೇಶ ಹೇಳಿದ. ಮುಂದೆಯೂ ಫಿರಂಗಿ, ಎರಡೂ ಪಕ್ಕದಲ್ಲಿಯೂ ಫಿರಂಗಿ ಅಂತ ಕಾರ್ಡಿಗನ್ ತೋರಿಸಿದ. ಪಾಲಿಸದೆ ಬೇರೆ ದಾರಿಯಿಲ್ಲ ಅಂದ ಲೂಕನ್. ಅಷ್ಟೇ ಮಾತು. ಒಂದು ನಿಮಿಷ ನಿಂತು, ಈ ಚೀಟಿಯ ಅರ್ಥ ಏನಪ್ಪ ಅಂತ ಕೂಡಿ ಯೋಚಿಸುವಷ್ಟು ಸಲಿಗೆ ಅವರಲ್ಲಿ ಇರಲಿಲ್ಲ. ಹೊರಡುವಾಗ ಕಾರ್ಡಿಗನ್, ಬ್ರೂಡನೆಲ್‌ಗಳಲ್ಲಿ ಕೊನೆಯವನು ಹೊರಟ ಅಂತ ಗೊಣಗಿದನಂತೆ. ಮೊದಲು ಇದನ್ನು ಜಂಬದ ಮಾತು ಅಂತ ಓದಿದ್ದೆ. ವಂಶವೃಕ್ಷ ಕೈಯಲ್ಲಿದ್ದಾಗ ಓದಿದರೆ ಅದು ಬರೀ ಲೆಕ್ಕದ ಮಾತು.

ಸುಮಾರು 110 ಜನ ಸತ್ತರು. 350ಕ್ಕೂ ಹೆಚ್ಚು ಕುದುರೆಗಳು ಹೋದವು. ಕಾರ್ಡಿಗನ್ ಎಲ್ಲರಿಗಿಂತ ಮುಂದೆ ಹೋಗಿ ಫಿರಂಗಿ ದಾಟಿ, ಜೀವಂತ ವಾಪಸು ಬಂದ. ಅತ್ತ ಕಡೆ ರಷ್ಯನ್ ಸೇನೆಯಲ್ಲಿದ್ದ ರಾಜವಂಶದ ರಾಡ್ಜಿವಿಲ್ ಎಂಬುವನು ಲಂಡನ್ನಿನ ಪಾರ್ಟಿಗಳಲ್ಲಿ ಕಂಡಿದ್ದ ಇವನನ್ನು ಗುರುತು ಹಿಡಿದು, ಜೀವಂತ ಹಿಡಿಯಿರಿ ಅಂದ ಎಂಬ ಕತೆ ಇದೆ. ಹಿಂಬಾಲಿಸಿದ ಸವಾರರನ್ನು ಅಲ್ಲೇ ಬಿಟ್ಟು ಬೇಗ ಮರಳಿದ ಅಂತ ಆಮೇಲೆ ದೂರು ಬಂತು. ಅದರ ಮೇಲೆ 1863ರಲ್ಲಿ ಕೋರ್ಟು ಮೆಟ್ಟಿಲೂ ಹತ್ತಿದ. ಧೈರ್ಯ ಇರಲಿಲ್ಲ ಅಂತ ಮಾತ್ರ ನಾನು ಹೇಳಲಾರೆ. ಅವನಲ್ಲಿ ಇಲ್ಲದ್ದು ಬೇರೆಯವರ ಕಷ್ಟ ತಿಳಿಯುವ ಬುದ್ಧಿ.

ಡೀನ್ ಪಾರ್ಕ್ ವರ್ಷದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ. ಮೊದಲೇ ನೋಡಿಕೊಂಡು ಹೋಗಬೇಕು. ಮನೆಯವರು ಅಲ್ಲೇ ವಾಸವಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಬಾಲಕ್ಲಾವದಲ್ಲಿ ಅವನನ್ನು ಹೊತ್ತ ಕುದುರೆ ರೋನಲ್ಡ್‌ನ ತಲೆ ಇಟ್ಟಿದ್ದಾರೆ. ಅದನ್ನು ನೋಡಿ ಜನ ಫೋಟೊ ತೆಗೆಯುತ್ತಾರೆ. ನಾನು ಜಾಸ್ತಿ ಹೊತ್ತು ನಿಂತದ್ದು ಪಕ್ಕದ ಸಂತ ಪೀಟರ್ ಚರ್ಚಿನಲ್ಲಿ. ಶಿಲ್ಪಿ ಬೋಮ್ ಮಾಡಿದ ಬಿಳಿ ಅಮೃತಶಿಲೆಯ ಸಮಾಧಿ. ಕಾರ್ಡಿಗನ್, ಅಡಿಲೀನ್ ಅಕ್ಕಪಕ್ಕ ಮಲಗಿದ್ದಾರೆ. ಮೂಲೆಗಳಲ್ಲಿ ಮನೆತನದ ಗುರುತಾದ ಕಡಲ್ಗುದುರೆ. ಸುತ್ತ ಹಳೆಯ ಬ್ರೂಡನೆಲ್‌ಗಳ ಸಮಾಧಿಗಳು. ಹಾಳೆಯಲ್ಲಿ ಬರೆದುಕೊಂಡಿದ್ದ ಹೆಸರುಗಳನ್ನು ಕಲ್ಲಿನ ಮೇಲಿನ ಇಸವಿಗಳ ಜೊತೆ ತಾಳೆ ನೋಡಿದೆ. ಇಂಥ ಹುಡುಕಾಟದಲ್ಲಿ ಚರ್ಚು ತಪ್ಪಿಸಬಾರದು.

ಅವನು 1868ರ ಮಾರ್ಚ್‌ನಲ್ಲಿ ಇಲ್ಲೇ ಸತ್ತ, ಕುದುರೆಯಿಂದ ಬಿದ್ದು. ಬಿರುದು ಏಲ್ಸ್‌ಬರಿಯ ಎರಡನೇ ಮಾರ್ಕ್ವಿಸ್ ಜಾರ್ಜ್‌ಗೆ ಹೋಯಿತು. ಸೋದರಮಾವನ ಆಸ್ತಿ ಪಡೆದ ಆ ನಾಲ್ಕನೇ ತಮ್ಮನ ಮೊಮ್ಮಗ, ನಮ್ಮ ವರಸೆಯಲ್ಲಿ ಕಾರ್ಡಿಗನ್‌ಗೆ ತಮ್ಮ. ಈಗಲೂ ಏಲ್ಸ್‌ಬರಿ ಮಾರ್ಕ್ವಿಸ್‌ನ ಹಿರಿಮಗನನ್ನು ಅರ್ಲ್ ಆಫ್ ಕಾರ್ಡಿಗನ್ ಅಂತ ಕರೆಯುತ್ತಾರೆ. ಡೀನ್ ಮನೆ ಮಾತ್ರ ಅಡಿಲೀನ್ ಹತ್ತಿರವೇ ಉಳಿಯಿತು. ಅವಳು ಒಬ್ಬ ಪೋರ್ಚುಗೀಸ್ ಕೌಂಟ್‌ನನ್ನು ಮದುವೆಯಾಗಿ, 1915ರ ತನಕ ಬದುಕಿದ್ದಳು. ಆಮೇಲೆ ಮನೆ ಬ್ರೂಡನೆಲ್-ಬ್ರೂಸ್‌ಗಳ ಇನ್ನೊಂದು ಕವಲಿಗೆ ಬಂತು. ಬಿರುದು ಒಂದು ಕಡೆ, ಮನೆ ಒಂದು ಕಡೆ. ಅಮ್ಮನಿಗೆ ಇದನ್ನು ಹೇಳಿದಾಗ, "ದಾಯಾದಿಗಳು ಸುಮ್ನಿದ್ರಾ?" ಅಂದಳು. ಅದನ್ನು ನೋಡಲು ನಾರ್ಥಾಂಪ್ಟನ್ನಿನ ಕಾಗದಗಳನ್ನು ತೆಗೆಸಬೇಕು. ಆ ಸೂಚಿಯ ಕೆಲಸ ಈಗ ಶುರು ಮಾಡಿದ್ದೇನೆ.